ಇನ್‌ಸ್ಟಾಲ್ ಮುಗಿಯುವವರೆಗೆ ಮಾತಾಡಬಾರದು

"ಇವತ್ತೂ ವಾಪಸ್ ಕಳಿಸಿದ್ರೆ ನಾನು ಕೈ ಮುಗಿದು ಬಿಟ್ಟುಬಿಡ್ತೀನಿ ಮೇಡಂ." ಲೈಬ್ರೇರಿಯನ್ ಹೀಗೆ ಬರೆದದ್ದನ್ನು ಓದಿದಾಗಿನಿಂದ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ತಪ್ಪು ಅವನದಲ್ಲ. ಸಣ್ಣ ಲೈಬ್ರರಿಗಳಿಗಾಗಿ ಊರೂರಿನ ಜನ ಬಿಡುವಿನಲ್ಲಿ ಸೇರಿ ಕಟ್ಟಿದ ಉಚಿತ ಸಾಫ್ಟ್‌ವೇರ್ ಅದು. ಅದನ್ನು ಇನ್‌ಸ್ಟಾಲ್ ಮಾಡುವುದು ಹೇಗೆಂದು ತಿಳಿಸುವ ಪುಟವನ್ನು ಅವನು ತಿದ್ದಿ ಕಳಿಸುತ್ತಿದ್ದ. ಪರಿಶೀಲಿಸಿ ಒಪ್ಪುವುದು ಇವಳ ಕೆಲಸ. ಪುಟ ಯಾವಾಗಲೋ ಸರಿಹೋಗಿತ್ತು. ಆದರೂ ಇಲ್ಲಿ ಚಿತ್ರ ದೊಡ್ಡದು, ಅಲ್ಲಿ ಸಾಲು ಉದ್ದ ಎಂದು ಇವಳು ಕೊಂಕು ತೆಗೆಯುತ್ತಲೇ ಇದ್ದಳು. ಒಪ್ಪಿಬಿಟ್ಟರೆ ಅವನು ಮತ್ತೆ ಬರೆಯಲು ಕಾರಣವಾದರೂ ಏನು? ಪ್ರತಿ ಉತ್ತರದಲ್ಲೂ ಅವನೊಂದು ತಮಾಷೆ ಸೇರಿಸುತ್ತಿದ್ದ. ಅದನ್ನು ಓದದೆ ಇವಳಿಗೆ ದಿನ ಸರಿಯುತ್ತಿರಲಿಲ್ಲ.

"ಬಡಪಾಯೀನ ಎಷ್ಟು ಗೋಳು ಹುಯ್ಕೋತೀಯೇ?" ಎಂದಳು ಅಕ್ಕ, ತನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದ್ದುದನ್ನೆಲ್ಲ ಅಳಿಸಿ ಕೊಡುತ್ತಾ. "ಅವನು ಓಡಿಹೋದ್ಮೇಲೆ ನನ್ನ ಹತ್ರ ಬಂದು ಅಳಬೇಡ."

ಕೊನೆಯ ಪರೀಕ್ಷೆಗೆ ಆ ಗುಂಪಿನಲ್ಲೊಂದು ಪದ್ಧತಿಯಿತ್ತು. ಪರಿಶೀಲಿಸುವವರು ಖಾಲಿ ಕಂಪ್ಯೂಟರಿನಲ್ಲಿ, ಪುಟದಲ್ಲಿರುವುದನ್ನಷ್ಟೇ ನೋಡಿಕೊಂಡು ಇನ್‌ಸ್ಟಾಲ್ ಮಾಡಬೇಕು. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಿರಬೇಕು. ಬರೆದವರು ವಿಡಿಯೋದಲ್ಲಿ ನೋಡಬಹುದು, ಆದರೆ ಮುಗಿಯುವವರೆಗೆ ತುಟಿಪಿಟಕ್ ಎನ್ನಬಾರದು.

ಅವನ ಮುಖವನ್ನು ಅವಳು ನೋಡಿದ್ದು ಅದೇ ಮೊದಲು. ಪುಸ್ತಕದ ಕಪಾಟಿನ ಮುಂದೆ ಕೆದರಿದ ಕೂದಲಲ್ಲಿ ಕೂತಿದ್ದ, ಹುಬ್ಬು ಗಂಟಿಕ್ಕಿತ್ತು. "ಶುರು ಮಾಡಿ ಮೇಡಂ," ಎಂದವನು ಬಾಯಿಗೆ ಬೀಗ ಹಾಕಿಕೊಂಡ.

"ಫೈಲ್ ಇಳಿಸ್ಕೊಂಡೆ... ಪಾಸ್‌ವರ್ಡ್ ಕೇಳ್ತು, ಕೊಟ್ಟೆ... ಅಯ್ಯೋ, ಬೇರೆ ಏನೋ ಒತ್ತಿಬಿಟ್ಟೆ. ಪುಟದ ತಪ್ಪಲ್ಲ. ನೀವು ಹಾಗೆ ನೋಡ್ತಿದ್ದೀರಲ್ಲ, ಅದಕ್ಕೆ."

ಹುಬ್ಬಿನ ಗಂಟು ಕೊಂಚ ಸಡಿಲಾಯಿತು.

ಕೊನೆಯ ಹೆಜ್ಜೆ ಬಂತು. ಇನ್‌ಸ್ಟಾಲ್ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಆಮೆಯ ಹಾಗೆ ತೆವಳತೊಡಗಿತು. ಅದು ತುಂಬಿದರೆ ಪುಟವನ್ನು ಒಪ್ಪಬೇಕು, ಒಪ್ಪಿದರೆ ಅವನು ಹೋದ. ಒಪ್ಪದಿದ್ದರೂ ಹೋದ.

"ಮನಸ್ಸಲ್ಲಿರೋದನ್ನ ಹೇಳ್ಬೇಕು ಅಲ್ವಾ? ಹೇಳ್ತೀನಿ. ಪುಟದಲ್ಲಿ ತಪ್ಪೇ ಇರ್ಲಿಲ್ಲ. ನಾನು ಹುಡುಕ್ತಿದ್ದದ್ದು ನೆಪ, ನಿಮ್ಮ ಉತ್ತರ ಬರ್ಲಿ ಅಂತ. ನಿಮ್ಮನ್ನ ಸುಮ್ಸುಮ್ನೆ ಸತಾಯಿಸ್ದೆ, ಕ್ಷಮಿಸಿ. ನೀವಂದ್ರೆ ನಂಗೆ ತುಂಬಾ ಇಷ್ಟ."

ಬಾಗಿಲಾಚೆ ಅಕ್ಕನ ಕೈಯಿಂದ ಲೋಟ ಬಿತ್ತು.

ಅವನು ಬಾಯಿ ತೆರೆದ. ನಿಯಮ ನೆನಪಾಗಿ ಮುಚ್ಚಿದ. ಎದ್ದು ನಿಂತ, ಮತ್ತೆ ಕೂತ.

"ಏನಾದ್ರೂ ಹೇಳ್ರೀ!" ಅವಳಿಗೆ ಅಳುವೇ ಬಂತು.

ಅವನು ಈಗಾಗದು ಎಂಬಂತೆ ತಲೆಯಾಡಿಸಿ, ಹಸಿರು ಪಟ್ಟಿಯತ್ತ ಬೆರಳು ತೋರಿಸಿದ.

ಅಂತೂ ಪಟ್ಟಿ ತುಂಬಿತು. ಅವನು ಮಾತಾಡುವ ಮೊದಲೇ ಅವಳು ಒಪ್ಪಿಗೆಯ ಬಟನ್ ಒತ್ತಿಬಿಟ್ಟಳು. ಇನ್ನು ಅವನನ್ನು ಹಿಡಿದಿಡಲು ಅವಳ ಕೈಯಲ್ಲಿ ಏನೂ ಉಳಿದಿರಲಿಲ್ಲ.

"ಚಿತ್ರ ದೊಡ್ಡದು ಅಂದ್ರಿ, ಚಿಕ್ಕದು ಮಾಡ್ದೆ," ಎಂದ ಅವನು ನಿಧಾನವಾಗಿ. "ಚಿಕ್ಕದಾಯ್ತು ಅಂದ್ರಿ, ಮತ್ತೆ ದೊಡ್ಡದು ಮಾಡ್ದೆ. ತಲೆ ಕೆಟ್ಟೋರೂ ಇಷ್ಟು ಸಲ ತಿದ್ದಲ್ಲ. ನಾನ್ಯಾಕೆ ತಿದ್ತಿದ್ದೆ ಅಂದ್ಕೊಂಡ್ರಿ?"

"ಮತ್ತೆ ಬಿಟ್ಟುಬಿಡ್ತೀನಿ ಅಂತ ಯಾಕೆ—"

"ಶ್! ಈಗ ನನ್ನ ಸರದಿ. ಮುಗಿಯೋವರೆಗೆ ನೀವು ಮಾತಾಡ್ಬಾರ್ದು."

ಅವಳು ಕಣ್ಣೊರೆಸಿಕೊಂಡು, ತುಟಿ ಬಿಗಿಹಿಡಿದು ಕೂತಳು. ಅವನು ಮನಸ್ಸಿಗೆ ಬಂದದ್ದನ್ನೆಲ್ಲ ಹೇಳತೊಡಗಿದ.