ಹಿಮ ಬೀಳದ ಊರಿಗೆ ಹೊರಟ ಕ್ಲೆಮ್

ಮೀಸೆಯ ಎಡಭಾಗ ಅಂಟಿಕೊಂಡಿತ್ತು. ಬಲಭಾಗವನ್ನು ಒದ್ದೆ ಬಟ್ಟೆಯಿಂದ ಒತ್ತಿ ಹಿಡಿದು, ಮೇಕಪ್ ಮಾಡುವ ವಿಲ್ಮಾ ಗೋಂದು ಒಣಗುವುದನ್ನೇ ಕಾಯುತ್ತಿದ್ದಳು. ಅವಳ ಬೆರಳಿಗೂ ಗಾರ್ನೆಟ್‌ನ ತುಟಿಗೂ ನಡುವೆ ಇದ್ದದ್ದು ಆ ಬಟ್ಟೆಯೊಂದೇ. ಇದೇ ಕೊನೆಯ ಸಲ ಎಂದು ನೆನಪಾದಾಗಲೆಲ್ಲ ಅದನ್ನು ಇನ್ನಷ್ಟು ಒತ್ತುತ್ತಿದ್ದಳು.

"ಉಸಿರಾಡ್ಬಹುದಾ ಅಮ್ಮಣ್ಣಿ?" ಎಂದ ಅವನು, ಕ್ಲೆಮ್‌ನ ದನಿಯಲ್ಲಿ.

"ಇನ್ನೂ ಇಲ್ಲ."

ಕ್ಲೆಮ್ ಎಂದರೆ ಗಾರ್ನೆಟ್ ತಾನೇ ಬರೆದು ತಾನೇ ಆಡುವ ಮುದುಕನ ಪಾತ್ರ. ರಸ್ತೆಯ ಹಿಮ ತೆಗೆಯುವ ಟ್ರಕ್ಕಿನ ಚಾಲಕ. ಟೊರಾಂಟೊದ ಈ ಸ್ಟುಡಿಯೋದಲ್ಲಿ ಗಾರ್ನೆಟ್ ಪಾದ್ರಿಯಾಗಿದ್ದ, ಕಟುಕನಾಗಿದ್ದ, ಪೆದ್ದ ಮೇಯರ್ ಆಗಿದ್ದ. ಟೀವಿಯಲ್ಲಿ ಅವನನ್ನು ಕಂಡು ದೇಶವೆಲ್ಲ ನಗುತ್ತಿತ್ತು. ಟ್ರಾಮಿನಲ್ಲಿ ಪಕ್ಕ ಕೂತವರು ಗುರುತೂ ಹಿಡಿಯುತ್ತಿರಲಿಲ್ಲ. ಸ್ವಂತ ಮುಖದಲ್ಲಿ ಅವನಿಗೆ ಮಾತೇ ಹೊರಡದು. ಚೆನ್ನಾಗಿದ್ದೀರಾ ಎಂದು ಕೇಳಿದರೂ ಯಾರದೋ ದನಿ ಎರವಲು ತಂದು ಉತ್ತರಿಸುವವನು.

ಈಗ ಲಾಸ್ ಏಂಜಲೀಸ್ ಅವನನ್ನು ಕರೆದಿತ್ತು. ನಾಳೆ ಬೆಳಿಗ್ಗೆ ವಿಮಾನ.

ಇಬ್ಬರ ನಡುವೆ ಹಳೆಯ ಪದ್ಧತಿಯೊಂದಿತ್ತು. ಮೀಸೆ ಒಣಗುವಷ್ಟರಲ್ಲಿ ಅವನು ಹೊಸ ಸಾಲುಗಳನ್ನು ಅವಳೆದುರು ಆಡಿ ನೋಡುತ್ತಿದ್ದ. ಅವಳು ನಕ್ಕರೆ ಸಾಲು ಉಳಿಯಿತು, ನಗದಿದ್ದರೆ ಹೋಯಿತು. ಅವಳ ನಗೆಯ ಮೇಲೆ ಅವನು ವಾದ ಮಾಡಿದವನೇ ಅಲ್ಲ.

ಅವಳು ಬಟ್ಟೆ ತೆಗೆದಳು. ಕನ್ನಡಿಯೊಳಗಿಂದ ಅವನ ಕಣ್ಣು ಅವಳನ್ನೇ ನೋಡುತ್ತಿತ್ತು.

"ನಾ ಹೋಗೋ ಊರಲ್ಲಿ ಹಿಮಾನೇ ಬೀಳಲ್ವಂತೆ ಅಮ್ಮಣ್ಣಿ. ಯಾರ ಬಾಗ್ಲಿಗೆ ದಾರಿ ಬಿಡಿಸ್ಲಿ ನಾನು? ನೀನೂ ಬಂದ್ಬಿಡು."

ವಿಲ್ಮಾ ನಕ್ಕಳು. ಅಳು ಬಂದೀತೆಂಬ ಭಯಕ್ಕೆ ಬೇಕಾದ್ದಕ್ಕಿಂತ ಜೋರಾಗಿಯೇ ನಕ್ಕಳು. ಅವನು ತಲೆಯಾಡಿಸಿ, ಟೋಪಿ ಹಾಕಿಕೊಂಡು ವೇದಿಕೆಗೆ ಹೊರಟ.

ಪರದೆಯ ಪಕ್ಕ ನಿಂತು ಅವಳು ಆ ಸಾಲಿಗಾಗಿ ಕಾದಳು. ಜನ ಬಿದ್ದು ಬಿದ್ದು ನಗುತ್ತಿದ್ದರು. ಕ್ಲೆಮ್ ಟ್ರಕ್ ಹತ್ತಿದ, ಇಳಿದ, ಎಲ್ಲರಿಗೂ ವಿದಾಯ ಹೇಳಿದ. ಹಿಮದ ಸಾಲು ಬರಲೇ ಇಲ್ಲ. ಅವಳು ನಕ್ಕ ಸಾಲನ್ನು ಅವನು ಎಂದೂ ಬಿಟ್ಟವನಲ್ಲ. ಹಾಗಾದರೆ ಅದು ಸಾಲೇ ಆಗಿರಲಿಲ್ಲ. 'ನೀನೂ ಬಂದ್ಬಿಡು' ಎಂದದ್ದು ಅವಳಿಗೇ.

ಅವನು ಬಂದು ಕುರ್ಚಿಯಲ್ಲಿ ಕೂತಾಗ, ಗೋಂದು ಬಿಡಿಸುವ ಎಣ್ಣೆಯನ್ನು ಹತ್ತಿಗೆ ಹಚ್ಚುತ್ತ ಕೇಳಿದಳು.

"ಹಿಮದ್ದು ಯಾಕೆ ಹೇಳ್ಲಿಲ್ಲ?"

"ನೀನು ನಕ್ಬಿಟ್ಯಲ್ಲ," ಎಂದ. ಕ್ಲೆಮ್‌ನ ದನಿಯೇ, ಆದರೆ ಸುಸ್ತಾಗಿತ್ತು. "ಅದೊಂದಕ್ಕೆ ನಗ್ಬಾರ್ದಿತ್ತು."

ಏನಾದರೂ ಹೇಳಬೇಕೆಂದು ಅವಸರದಲ್ಲಿ ಮೀಸೆ ಎಳೆದಳು. ಮಾತು ಬರುವ ಮೊದಲೇ ಅದು ಕೈಗೆ ಬಂದಿತ್ತು. ಈಗ ಕನ್ನಡಿಯಲ್ಲಿ ಇದ್ದವನು ಬರೀ ಗಾರ್ನೆಟ್. ತುಟಿಯ ಮೇಲೆ ಕೆಂಪಗಿನ ಗೆರೆ, ಬಾಯಲ್ಲಿ ಒಂದು ಶಬ್ದವಿಲ್ಲ. ಅವನು ಎದ್ದ. ಅವಳ ಕೈಯನ್ನು ಹಿಡಿದು, ಮೀಸೆಯ ಸಮೇತ ಅವಳ ಬೆರಳುಗಳನ್ನು ಮಡಚಿ, ಬಾಗಿಲು ದಾಟಿದ.

ಅವಳು ಬಾಚಣಿಗೆಗಳನ್ನು ತೊಳೆದಳು. ಮೇಜು ಒರೆಸಿದಳು. ಮೀಸೆಯನ್ನು ಅದರ ಮೊಳೆಗೆ ತೂಗುಹಾಕಲಿಲ್ಲ; ತನ್ನ ಕನ್ನಡಕದ ಪೆಟ್ಟಿಗೆಯಲ್ಲಿಟ್ಟುಕೊಂಡಳು.

ಬಟ್ಟೆ ವಿಭಾಗದ ಬ್ರೆಂಡಾ ಕೋಟು ಹಾಕಿಕೊಳ್ಳುತ್ತ ಒಳಗೆ ಇಣುಕಿದಳು. ಚಳಿಗಾಲದ ಬೂಟುಗಳ ಬೆಲೆ ಸೋಮವಾರದಿಂದ ಇಳಿಯುತ್ತದಂತೆ, ಜೊತೆಗೆ ಹೋಗೋಣವೇ ಎಂದಳು.

"ಈ ಸಲ ನಂಗೆ ಬೇಡ ಕಣೇ."

"ನಿನ್ನ ಬೂಟು ತೂತಾಗಿದೆಯಲ್ಲೇ?"

ಹೀಟರಿನ ಪಕ್ಕ ಒಣಗುತ್ತಿದ್ದ ಬೂಟನ್ನು ವಿಲ್ಮಾ ಎತ್ತಿ ನೋಡಿದಳು.

"ಹೌದು, ತೂತಾಗಿದೆ. ಏರ್‌ಪೋರ್ಟಿನ ತನಕ ಸಾಕು," ಎಂದು ಅದರೊಳಗೆ ಕಾಲಿಟ್ಟಳು.