ಕ್ಯಾಬಿನ್ನಿನಲ್ಲಿ ಭಯವಿರಲಿಲ್ಲ

ಕಿವಿಯ ಹಿಂದೆ ಚುರ್ರೆಂದಿತು. ಹುಲಿಗೆಮ್ಮ ಬೆಚ್ಚಿಬಿದ್ದು ಎರಡೂ ಹಿಡಿಕೆಗಳನ್ನು ಬಿಗಿಯಾಗಿ ಹಿಡಿದಳು. ಅವಳು ಕುಳಿತ ಕ್ಯಾಬಿನ್ನಿನ ಕೆಳಗೆ, ಕ್ರೇನಿನ ಕೊಕ್ಕೆಗೆ ಜೋತುಬಿದ್ದ ಲೇಡಲ್ ಎಂಬ ದೈತ್ಯ ಬಾನಿಯಲ್ಲಿ ನಲವತ್ತು ಟನ್ ಕರಗಿದ ಉಕ್ಕು ತುಳುಕುತ್ತಿತ್ತು. ಒಂದೂವರೆ ಸೆಕೆಂಡ್ ಅವಳ ಮನಸ್ಸು ಎಲ್ಲಿಗೋ ಹೋಗಿತ್ತು. ಎಲ್ಲಿಗೆಂದು ಅವಳಿಗೇ ಗೊತ್ತಿರಲಿಲ್ಲ.

"ಯಕ್ಕಾ, ಎರಡನೇದು ಆತು," ನೆಲದ ಮೇಲೆ ನಿಂತು ಸನ್ನೆ ಕೊಡುವ ಯಮನೂರಪ್ಪನ ದನಿ ಕಿವಿಯೊಳಗೆ ಕೇಳಿಸಿತು. "ಇನ್ನೊಂದಾದ್ರ ನಿಂತಬಿಡ್ತತಿ. ಲಕ್ಷ್ಯ ಇಡು."

"ಇಟ್ಟೀನಪ್ಪ," ಎಂದಳು. ಹಾಗೆ ಅಂದು ಮುಗಿಸುವಷ್ಟರಲ್ಲಿ ಮೂರನೆಯ ಬಾರಿ ಚುರ್ರೆಂದಿತು. ಕ್ರೇನು ತಾನಾಗಿ ನಿಂತಿತು, ಹಳದಿ ದೀಪ ಹತ್ತಿಕೊಂಡಿತು. ಕೆಳಗಿದ್ದವರೆಲ್ಲ ತಲೆಯೆತ್ತಿ ಅವಳತ್ತ ನೋಡಿದರು.

ತುಂಗಭದ್ರೆಯ ಎಡದಂಡೆಯ ಆ ಉಕ್ಕಿನ ಕಾರ್ಖಾನೆಗೆ ಎಚ್ಚರಪಟ್ಟಿ ಬಂದು ಆರು ವರ್ಷವಾಗಿತ್ತು. ಎರಡು ಬೆರಳಗಲದ ಮೆತ್ತನೆಯ ಪಟ್ಟಿ; ಹೆಲ್ಮೆಟ್ಟಿನೊಳಗೆ ಹಣೆಗೆ ಅಂಟಿಕೊಂಡಿರುತ್ತದೆ. ಮಿದುಳಿನ ಸಣ್ಣ ವಿದ್ಯುತ್ ಅಲೆಗಳನ್ನೂ ರೆಪ್ಪೆ ಬಡಿಯುವ ಲಯವನ್ನೂ ಓದಿ, ಮನಸ್ಸು ಕೆಲಸದಿಂದ ಜಾರಿತೆಂದರೆ ಕಿವಿಯ ಹಿಂದೆ ಸಣ್ಣಗೆ ಚಿವುಟುತ್ತದೆ. ಹತ್ತು ನಿಮಿಷದೊಳಗೆ ಮೂರು ಸಲ ಚಿವುಟಿದರೆ ಯಂತ್ರವನ್ನೇ ನಿಲ್ಲಿಸುತ್ತದೆ. ಕೆಲಸಗಾರರು ಅದನ್ನು 'ಚೂಟುಪಟ್ಟಿ' ಎಂದು ಬೈದುಕೊಂಡರೂ ಹೆಲ್ಮೆಟ್ಟಿನಿಂದ ಯಾರೂ ಕಿತ್ತೆಸೆದಿರಲಿಲ್ಲ. ಆರು ವರ್ಷದಲ್ಲಿ ಅಲ್ಲಿ ಒಬ್ಬರ ಬೆರಳೂ ತುಂಡಾಗಿರಲಿಲ್ಲ.

ಆದರೆ ಪಟ್ಟಿ ಲೆಕ್ಕವನ್ನೂ ಇಡುತ್ತಿತ್ತು. ಒಂದು ತಿಂಗಳಲ್ಲಿ ಐದು ಸಲ ಯಂತ್ರ ನಿಂತರೆ ಆ ಮನುಷ್ಯನಿಗೆ ಕ್ರೇನು ಹತ್ತುವ ಅನುಮತಿ ಹೋಗುತ್ತಿತ್ತು. ಹುಲಿಗೆಮ್ಮನದು ಅಂದಿಗೆ ನಾಲ್ಕಾಯಿತು.

"ಹದಿನೇಳು ವರ್ಷ ಕ್ರೇನ್ ನಡಸಿದಾಕಿ ನೀ," ಪಾಳಿಯ ಮುಖ್ಯಸ್ಥ ಪಂಪನಗೌಡ ತನ್ನ ಕೋಣೆಗೆ ಕರೆದು ಹೇಳಿದ. ಸಿಟ್ಟಿಗಿಂತ ಅವನ ಮುಖದಲ್ಲಿ ಗಾಬರಿಯೇ ಹೆಚ್ಚಿತ್ತು. "ಏನಾಗೈತಿ ಹುಲಿಗೆಮ್ಮಾ? ಮನ್ಯಾಗೇನರ ತ್ರಾಸ ಐತೇನು? ನಿದ್ದಿ ಬರವಲ್ದೇನು?"

"ಏನೂ ಇಲ್ರಿ ಗೌಡ್ರ."

"ಏನೂ ಇಲ್ಲ ಅಂದ್ರ ಹೆಂಗ? ಆ ಲೇಡಲ್ ಕೆಳಗ ಹನ್ನೊಂದು ಮಂದಿ ಇರ್ತಾರ. ಖಾಜಾಸಾಬನ್ನ ಇಳಿಸಿ ಇನ್ನ ಹದಿನೈದು ದಿನ ಆಗಿಲ್ಲ. ಈಗ ನೀ. ನಾ ಏನ್ ಮಾಡ್ಲಿ ಹೇಳು?"

ಖಾಜಾಸಾಬ ಅದೇ ಕ್ರೇನಿನ ಎರಡನೇ ಪಾಳಿಯವನು. ಐದು ಸಲ ಯಂತ್ರ ನಿಂತು ಅವನನ್ನು ಕೆಳಗಿಳಿಸಿದಾಗ ಹುಲಿಗೆಮ್ಮನೇ ಯಮನೂರಪ್ಪನ ಮುಂದೆ, "ಕುಡಿಯಾಕ ಹತ್ತ್ಯಾನೋ ಏನೋ," ಎಂದಿದ್ದಳು. ಆ ಮಾತು ಈಗ ನೆನಪಾಗಿ ಅವಳ ಮೈ ಬಿಸಿಯಾಯಿತು.

ಗೌಡನಿಗೆ ಹೇಳದೆ ಉಳಿಸಿಕೊಂಡ ಸಂಗತಿ ಬೇರೆ ಇತ್ತು. ಅವಳ ಅವ್ವ ಐವತ್ತೈದಕ್ಕೆಲ್ಲ ಮಕ್ಕಳ ಹೆಸರು ಮರೆತಿದ್ದಳು. ಕೊನೆಗೆ ಒಲೆಯ ಮೇಲೆ ಬರೀ ಪಾತ್ರೆಯಿಟ್ಟು ಅದರ ಮುಂದೆ ಕುಳಿತಿರುತ್ತಿದ್ದಳು. ಹುಲಿಗೆಮ್ಮನಿಗೆ ಈಗ ನಲವತ್ಮೂರು. ಮೊದಲ ಸಲ ಕ್ರೇನು ನಿಂತ ದಿನದಿಂದ ಅವಳು ಮನೆಯಲ್ಲಿ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳತೊಡಗಿದ್ದಳು. ಸೂಜಿಗೆ ದಾರ ಪೋಣಿಸುವಳು. ರೊಟ್ಟಿ ಬಡಿಯುತ್ತ ನೂರರಿಂದ ಹಿಂದಕ್ಕೆ ಎಣಿಸುವಳು. ಓಣಿಯ ಮನೆಗಳವರ ಹೆಸರುಗಳನ್ನು ಒಂದೊಂದಾಗಿ ನೆನೆಯುವಳು. ಯಾವುದೂ ತಪ್ಪುತ್ತಿರಲಿಲ್ಲ. ತಪ್ಪದಿದ್ದರೂ ಸಮಾಧಾನವಿರಲಿಲ್ಲ. ಹೊಟ್ಟೆಯೊಳಗೆ ಕಲ್ಲೊಂದು ಕುಳಿತಿತ್ತು. ಉಂಡರೂ ಮಲಗಿದರೂ ಅದು ಕದಲುತ್ತಿರಲಿಲ್ಲ.

ಒಂದೇ ಕ್ರೇನಿನಲ್ಲಿ ಇಬ್ಬರು ನುರಿತವರು ಹೀಗೆ ಜಾರಿದ್ದು ಪಟ್ಟಿಯನ್ನು ರೂಪಿಸಿದ ವಿಜ್ಞಾನಿ ಡಾ. ವಾಮನ ಬಾಳಿಗರ ಗಮನಕ್ಕೆ ಬಂತು. ಪಟ್ಟಿಯಲ್ಲೇ ದೋಷವಿದೆಯೇ ಎಂದು ನೋಡಲು ಅವರು ಮಂಗಳೂರಿನಿಂದ ಬಂದರು. ಬಂದವರು ಮೊದಲು ಹುಲಿಗೆಮ್ಮನ ಪಟ್ಟಿ ಬದಲಿಸಿದರು, ಹಳೆಯದನ್ನು ತಮ್ಮ ತಲೆಗೇ ಕಟ್ಟಿಕೊಂಡು ಒಂದು ದಿನ ಓಡಾಡಿದರು. ಅದರಲ್ಲಿ ದೋಷವಿರಲಿಲ್ಲ.

"ಪಟ್ಟಿ ಸರಿ ಉಂಟು," ಎಂದರು. ಆ ಮಾತು ಕೇಳಿ ಹುಲಿಗೆಮ್ಮನ ಮುಖ ಬಿಳಿಚಿಕೊಂಡಿದ್ದನ್ನು ಕಂಡು, "ಹೆದರಬೇಡಿ ಅಮ್ಮಾ. ಪಟ್ಟಿಗೆ ಮನಸ್ಸು ಜಾರಿದ್ದು ಗೊತ್ತಾಗ್ತದೆ. ಯಾಕೆ ಜಾರಿತು ಅಂತ ಗೊತ್ತಾಗುವುದಿಲ್ಲ. ಅದನ್ನು ನೀವೇ ಹೇಳಬೇಕು," ಎಂದರು.

"ನನಗ ಗೊತ್ತಿದ್ರ ಹೇಳ್ತಿದ್ದಿಲ್ಲೇನ್ರಿ ಸಾರ್?"

"ನಾಳೆ ನಾನು ಕೆಳಗೆ ಯಮನೂರಪ್ಪನವರ ಹತ್ತಿರ ನಿಂತಿರ್ತೇನೆ. ಹತ್ತು ನಿಮಿಷಕ್ಕೊಮ್ಮೆ ಮೂರು ಪ್ರಶ್ನೆ ಕೇಳ್ತೇನೆ. ಕೈ ಎಲ್ಲಿದೆ? ಕಣ್ಣು ಎಲ್ಲಿದೆ? ಮನಸ್ಸಲ್ಲಿ ಏನಿದೆ? ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ."

"ಹುಚ್ಚುಹುಚ್ಚು ಇದ್ರೂ?"

"ಇದ್ರೂ."

ಮರುದಿನ ಬೆಳಗಿನ ಪಾಳಿ. ಹುಲಿಗೆಮ್ಮ ಕ್ರೇನಿನ ಮೆಟ್ಟಿಲು ಹತ್ತಿದಳು. ಇನ್ನೊಂದು ಸಲ ನಿಂತರೆ ಹದಿನೇಳು ವರ್ಷಕ್ಕೆ ಅಲ್ಲಿಗೇ ಕೊನೆ. ಅದಕ್ಕಿಂತ ದೊಡ್ಡದು, ಅವ್ವನ ರೋಗ ತನ್ನೊಳಗೆ ಶುರುವಾಗಿದೆ ಎಂಬುದಕ್ಕೆ ಅದೇ ಸಾಕ್ಷಿಯಾಗುತ್ತಿತ್ತು. ಕ್ಯಾಬಿನ್ನಿನ ಬಾಗಿಲು ಹಾಕಿಕೊಂಡಳು. ಧೂಳೂ ಝಳವೂ ಒಳಬರದಂತೆ ಅದು ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಕೊಕ್ಕೆಯಲ್ಲಿ ಭಾರವಿರುವಷ್ಟು ಹೊತ್ತು ತೆರೆಯುತ್ತಲೂ ಇರಲಿಲ್ಲ. ತಲೆಯ ಮೇಲಿನ ಕೊಳವೆಯಿಂದ ತಣ್ಣನೆಯ ಗಾಳಿ ಸುಯ್ಯೆಂದು ಬೀಸುತ್ತಿತ್ತು.

"ಮನಸ್ಸಲ್ಲಿ ಏನಿದೆ?" ಬಾಳಿಗರ ದನಿ ಕೇಳಿತು.

"ಅಂಜಿಕಿ ಐತ್ರಿ. ಹೊಟ್ಟ್ಯಾಗ ಕಲ್ಲಿಟ್ಟಂಗ."

ಎಂಟು ಗಂಟೆಗೂ ಅದೇ ಉತ್ತರ, ಹತ್ತಕ್ಕೂ ಅದೇ. ಹನ್ನೊಂದಕ್ಕೆ, "ಅವ್ವನ ನೆಪ್ಪಾಗೈತ್ರಿ," ಎಂದಳು. ಬಾಳಿಗರು ಎಲ್ಲವನ್ನೂ ಬರೆದುಕೊಂಡರು. ಪಟ್ಟಿ ಒಮ್ಮೆಯೂ ಚಿವುಟಿರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಎರಡೂ ಕುಲುಮೆಗಳು ಒಟ್ಟಿಗೆ ಉರಿಯತೊಡಗಿದವು. ಹುಲಿಗೆಮ್ಮ ತುಂಬಿದ ಲೇಡಲ್ಲನ್ನು ಎತ್ತಿದಳು. ಅರ್ಧ ದಾರಿ ಬಂದಿರಬೇಕು, ಚುರ್ರೆಂದಿತು.

"ಮನಸ್ಸಲ್ಲಿ ಏನಿದೆ?"

"ಏನಿಲ್ರಿ. ಆರಾಮ ಐತಿ. ಹಗುರ ಐತಿ."

ಅವಳ ಬಾಯಲ್ಲಿ ಯಾವುದೋ ಸೋಬಾನೆ ಪದದ ಧಾಟಿ ತಾನಾಗಿ ಬಂದಿತ್ತು. ಮತ್ತೊಮ್ಮೆ ಚುರ್ರೆಂದಿತು. ಅದೂ ಯಾರದೋ ಕಿವಿಯ ಹಿಂದೆ ಆದಂತೆ ದೂರವಾಗಿತ್ತು. ಗುನುಗುತ್ತಲೇ ಇದ್ದವಳು ತಟ್ಟನೆ ನಿಲ್ಲಿಸಿದಳು.

ಕಲ್ಲು ಎಲ್ಲಿ ಹೋಯಿತು?

ಮೂರು ವಾರದಿಂದ ಕದಲದ ಕಲ್ಲು. ಇನ್ನೊಂದು ಚಿವುಟಿಗೆ ಕೆಲಸ ಹೋಗುವ ಹೊತ್ತಿನಲ್ಲಿ, ನಲವತ್ತು ಟನ್ ಬೆಂಕಿ ಕೈಯಲ್ಲಿರುವಾಗ, ತಾನು ಪದ ಹಾಡುತ್ತಿದ್ದೇನೆ. ಅಂಜಿಕೆ ಇರಲೇಬೇಕಾದ ಜಾಗದಲ್ಲಿ ಅಂಜಿಕೆ ಇಲ್ಲ.

"ಸಾರ್," ಎಂದಳು. ನಾಲಗೆ ದಪ್ಪವಾದಂತಿತ್ತು. "ಅಂಜಿಕಿ ಬರವಲ್ದು. ಏನೋ ಆಗೈತ್ರಿ ಇಲ್ಲೆ. ಯಮನೂರಾ, ಮಂದೀನ ಸರಸು."

"ಸರಸೀನಿ ಯಕ್ಕಾ! ಇಳಿಸು, ಎಡಗಡಿ ಕಟ್ಟಿ ಮ್ಯಾಲ ಇಳಿಸು!"

ಮತ್ತೊಮ್ಮೆ ಜಾರಿದರೆ ಕ್ರೇನು ನಿಲ್ಲುತ್ತದೆ, ಲೇಡಲ್ಲು ನಡುವಿನಲ್ಲೇ ನೇತಾಡುತ್ತದೆ, ಬಾಗಿಲು ತೆರೆಯುವುದಿಲ್ಲ. ಕಣ್ಣಂಚು ಕಪ್ಪಾಗುತ್ತಿತ್ತು. ಹುಲಿಗೆಮ್ಮ ಗಟ್ಟಿಯಾಗಿ ಹೇಳತೊಡಗಿದಳು: "ಕೈ... ಎಡಗೈ ಹಿಡಿಕಿ ಮ್ಯಾಲ. ಬಲಗೈ ಹಿಡಿಕಿ ಮ್ಯಾಲ. ಕಣ್ಣು... ಕೊಕ್ಕಿ ಮ್ಯಾಲ. ಕೈ ಹಿಡಿಕಿ ಮ್ಯಾಲ..." ಒಂದೊಂದು ಮಾತನ್ನೂ ಬಾವಿಯಿಂದ ಕೊಡ ಸೇದಿದಂತೆ ಎಳೆದು ತರಬೇಕಾಯಿತು. ಕೆಳಗಿನಿಂದ ಯಮನೂರಪ್ಪ, "ಇನ್ನ ನಾಕ ಅಡಿ... ಎರಡ ಅಡಿ... ಕುಂತಿತು!" ಎಂದು ಕೂಗಿದ.

ಅವಳು ಬಾಗಿಲಿಗೆ ಭುಜ ಕೊಟ್ಟು ನೂಕಿ ಹೊರಗಿನ ಅಟ್ಟಣೆಯ ಮೇಲೆ ಬಿದ್ದಳು. ಕುಲುಮೆಯ ಝಳ ಮುಖಕ್ಕೆ ಹೊಡೆಯಿತು. ಎರಡು ಉಸಿರು, ಮೂರು ಉಸಿರು. ಆಗ ಅಂಜಿಕೆ ತಿರುಗಿ ಬಂತು. ಹುಲಿಗೆಮ್ಮ ಅಲ್ಲೇ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

ಅಷ್ಟರಲ್ಲಿ ಬಾಳಿಗರು, ಅವಳ ಮಾತು ಕೇಳಿ ಕ್ಯಾಬಿನ್ನಿನ ಗಾಳಿಯ ಮೇಲೆ ಅನುಮಾನ ಬಂದು, ಆಮ್ಲಜನಕ ಅಳೆಯುವ ಮೀಟರು ಹಿಡಿದು ಏದುಸಿರು ಬಿಡುತ್ತ ಮೇಲೆ ಹತ್ತಿ ಬಂದರು. ಕೈ ಚಾಚಿ ಅದನ್ನು ಕೊಳವೆಯ ಬಾಯಿಗೆ ಹಿಡಿದರು. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಇಪ್ಪತ್ತೊಂದು ಪಾಲು ಇರಬೇಕು. ಮೀಟರು ಎಂಟು ತೋರಿಸಿತು.

ಕಾರಣ ಹುಡುಕಲು ಸಂಜೆಯಾಯಿತು. ಎರಡು ತಿಂಗಳ ಹಿಂದೆ ರಿಪೇರಿಯಲ್ಲಿ, ಯಂತ್ರಗಳನ್ನು ನಡೆಸುವ ಗಾಳಿಯ ಒತ್ತಡ ಕಡಿಮೆಯಾದಾಗ ಅವು ನಿಲ್ಲದಿರಲೆಂದು ಯಾರೋ ಪಕ್ಕದ ನೈಟ್ರೋಜನ್ ಕೊಳವೆಯನ್ನು ಗಾಳಿಯ ಕೊಳವೆಗೆ ಜೋಡಿಸಿದ್ದರು. ಯಂತ್ರಗಳಿಗೆ ಅದರಿಂದ ಏನೂ ತೊಂದರೆಯಿಲ್ಲ. ಆದರೆ ಕ್ಯಾಬಿನ್ನನ್ನು ತಂಪು ಮಾಡುತ್ತಿದ್ದುದೂ ಅದೇ ಕೊಳವೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಎರಡೂ ಕುಲುಮೆ ಒಟ್ಟಿಗೆ ನಡೆದು ಒತ್ತಡ ಇಳಿದಾಗಲೆಲ್ಲ ತಂಪುಗಾಳಿಯಲ್ಲಿ ನೈಟ್ರೋಜನ್ ಬೆರೆಯುತ್ತಿತ್ತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ. ಆಮ್ಲಜನಕ ಕಡಿಮೆಯಾದ ಮಿದುಳು ಮೊದಲು ಗಮನವನ್ನು ಕಳೆದುಕೊಳ್ಳುತ್ತದೆ. ಆಮೇಲೆ ಚಿಂತೆಯನ್ನು.

"ಇನ್ನೊಂದು ಐದು ನಿಮಿಷ ಒಳಗೆ ಇದ್ದಿದ್ದರೆ ನೀವು ಉಳೀತಿರಲಿಲ್ಲ," ಎಂದರು ಬಾಳಿಗರು. ಅವರ ಮುಖ ಇಳಿದುಹೋಗಿತ್ತು. "ನನ್ನ ಪಟ್ಟಿ ಮೂರು ವಾರದಿಂದ ಕೂಗಿ ಹೇಳ್ತಾ ಇತ್ತು ಅಮ್ಮಾ. ನಾವು ಅದನ್ನು ನಿಮ್ಮ ತಪ್ಪಿನ ಲೆಕ್ಕದಲ್ಲಿ ಬರೆದುಕೊಂಡೆವು. ಆ ಐದರ ನಿಯಮ ಮಾಡಿದವನು ನಾನೇ."

ಪಂಪನಗೌಡ, ಹುಲಿಗೆಮ್ಮನನ್ನು ಇಳಿಸಲೆಂದು ಬರೆದಿಟ್ಟಿದ್ದ ನೋಟಿಸಿನ ಹಾಳೆ ಹರಿದು ಬುಟ್ಟಿಗೆ ಹಾಕಿದ.

ಭಾನುವಾರ ಹುಲಿಗೆಮ್ಮ ಖಾಜಾಸಾಬನ ಮನೆಗೆ ಹೋದಳು. ಅವನು ಎಲ್ಲವನ್ನೂ ಕೇಳಿಸಿಕೊಂಡ.

"ಕೆಲಸಕ್ಕ ಬಾ ಅಂತ ಗೌಡ್ರು ಹೇಳಿ ಕಳಿಸ್ಯಾರಣ್ಣ."

"ಬರ್ತೀನವ್ವ. ಬ್ಯಾರೆ ದಾರಿ ಏನೈತಿ?" ಅವನು ಒಳಕೋಣೆಯತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದ. "ಮಗಳು ದಿನಾ ನನ್ನ ಬಾಯಿ ವಾಸನಿ ನೋಡ್ತಿದ್ಳು. ಅದನ್ನ ಯಾರು ವಾಪಸ್ ತಗೋತಾರ?"

ತಾನೂ ಹಾಗೆ ಅಂದಿದ್ದೆನೆಂದು ಹುಲಿಗೆಮ್ಮ ಹೇಳಿಬಿಟ್ಟಳು. ಅವನು ತಲೆಯಾಡಿಸಿದ, ಕ್ಷಮಿಸಿದೆನೆಂದು ಮಾತ್ರ ಅನ್ನಲಿಲ್ಲ.

ಬಾಳಿಗರು ನಾಡಿನ ಎಲ್ಲ ಕಾರ್ಖಾನೆಗಳ ಪಟ್ಟಿಗಳ ದಾಖಲೆ ತರಿಸಿದರು. ಗಮನವಿಲ್ಲವೆಂದು ಕೆಲಸದಿಂದ ಇಳಿಸಿದವರು ಆರು ವರ್ಷದಲ್ಲಿ ಮುನ್ನೂರಕ್ಕೂ ಮಿಕ್ಕಿದ್ದರು. ಹೆಸರಿನ ಬದಲು ಅವರು ಕುಳಿತಿದ್ದ ಜಾಗದ ಪ್ರಕಾರ ಜೋಡಿಸಿ ನೋಡಿದಾಗ, ಅರ್ಧಕ್ಕಿಂತ ಹೆಚ್ಚು ಜನ ನಲವತ್ತೇ ಜಾಗಗಳಲ್ಲಿ ಗುಂಪುಗೂಡಿದ್ದರು. ಒಂದು ಕಡೆ ವಿಪರೀತ ಶೆಕೆ, ಇನ್ನೊಂದು ಕಡೆ ಕಣ್ಣಿಗೆ ಹೊಡೆಯುವ ಬೆಳಕು, ಮತ್ತೊಂದು ಕಡೆ ಸತತ ಹನ್ನೆರಡು ತಾಸಿನ ಪಾಳಿ. ಐದರ ನಿಯಮ ರದ್ದಾಯಿತು. ಪಟ್ಟಿ ಚಿವುಟಿದರೆ ಮೊದಲು ಜಾಗವನ್ನು ಪರೀಕ್ಷಿಸಬೇಕು, ಮನುಷ್ಯನನ್ನು ಆಮೇಲೆ ಎಂಬ ಹೊಸ ನಿಯಮ ಬಂತು. ಅದನ್ನು ಬರೆಯುವ ಸಮಿತಿಯಲ್ಲಿ ಹುಲಿಗೆಮ್ಮನೂ ಇದ್ದಳು.

ಸಮಿತಿಯ ಮುಂದೆ ಒಂದು ದಿನ ಹಳೆಯ ಅಪಘಾತ ವರದಿಗಳ ಕಟ್ಟು ಬಂತು. ಎಚ್ಚರಪಟ್ಟಿ ಇನ್ನೂ ಯಾರ ಕನಸಿನಲ್ಲೂ ಇರದ ಕಾಲದವು, ಎರಡು ಸಾವಿರದ ಇಪ್ಪತ್ತರ ದಶಕದವು. ಪ್ರತಿ ಹಾಳೆಯ ಕೊನೆಯಲ್ಲೂ 'ಕಾರಣ' ಎಂಬ ಒಂದು ಸಾಲಿನ ಜಾಗ. ಹುಲಿಗೆಮ್ಮ ತಿರುವುತ್ತ ಹೋದಳು. ಕಾರ್ಮಿಕನ ಅಜಾಗರೂಕತೆ. ಕಾರ್ಮಿಕಳ ನಿರ್ಲಕ್ಷ್ಯ. ಸ್ವಂತ ಅಜಾಗರೂಕತೆ. ಒಂದು ಹಾಳೆಯ ಮೇಲೆ ಅವಳ ಬೆರಳು ನಿಂತಿತು: ಇಪ್ಪತ್ತಾರನೇ ಇಸವಿ, ತಗಡು ಒತ್ತುವ ಯಂತ್ರದ ಕಾರ್ಮಿಕಳು, ಬಲಗೈಯ ಮೂರು ಬೆರಳು ತುಂಡು, ಮಧ್ಯಾಹ್ನ ಮೂರು ಗಂಟೆ.

"ಸಾರ್, ಈಕಿ ಅವತ್ತು ಎಷ್ಟು ತಾಸಿಂದ ದುಡೀತಿದ್ಳು?"

"ಬರೆದಿಲ್ಲ," ಎಂದರು ಬಾಳಿಗರು.

"ಅಲ್ಲೆ ಶೆಕಿ ಎಷ್ಟಿತ್ತು? ಗಾಳಿ ಹೆಂಗಿತ್ತು?"

"ಅದೂ ಬರೆದಿಲ್ಲ."

"ಈಕೀನ ಯಾರಾರ ಕೇಳಿದ್ರೇನ್ರಿ? ಮನಸ್ಸಿನ್ಯಾಗ ಏನಿತ್ತವ್ವ ಅಂತ?"

ಬಾಳಿಗರು ಹಾಳೆಯನ್ನು ಮಗುಚಿ ನೋಡಿದರು. ಹಿಂಬದಿ ಖಾಲಿ ಇತ್ತು.