ಮಂಚದ ಟೈಮ್‌ಟೇಬಲ್

ಶಾಲೆಯ ಮಿಸ್ ಆ ಒಂದೇ ಕೋಣೆಯ ಮನೆಯೊಳಗೆ ಬರಬೇಕಾದರೆ ಯಾರಾದರೂ ಹೊರಗೆ ಹೋಗಲೇಬೇಕಿತ್ತು. ಅಪ್ಪ ಹೋದ. ಬಾಗಿಲು ಪೂರ್ತಿ ತೆರೆಯಲಿಲ್ಲ. ಚಿಕ್ಕಪ್ಪ ಹೋದ. ಮಿಸ್ ಅವರ ಬ್ಯಾಗ್ ಒಳಗೆ ಬಂತು, ಮಿಸ್ ಬರಲಿಲ್ಲ. ಕೊನೆಗೆ ಅಮ್ಮ ಮಗಳು ಚೋಟಿಯನ್ನೂ ಎಳೆದುಕೊಂಡು ಹೊರಗೆ ಬಂದಳು.

ಈಗ ಮಿಸ್ ಒಬ್ಬರೇ ಒಳಗೆ, ಮಂಚದ ಮೇಲೆ. ಮನೆಯಲ್ಲಿದ್ದವರೆಲ್ಲ ಹೊರಗೆ, ಕಿಟಕಿಗೆ ಮೂಗು ಒತ್ತಿಕೊಂಡು.

"ಆರಾಮಾಗಿ ಕೂತ್ಕೊಳ್ಳಿ ಮಿಸ್," ಎಂದಳು ಅಮ್ಮ. "ನೀರು ಕೊಡೋಣ ಅಂದ್ರೆ ಬಿಂದಿಗೆ ಒಳಗಿದೆ. ನೀವೇ ಕುಡಿದು, ನಮಗೂ ಒಂದು ಲೋಟ ಕೊಟ್ಬಿಡಿ."

ಚೋಟಿ ಅಮ್ಮನ ಸೆರಗಿನ ಹಿಂದೆ ಸರಿದಳು. ಈ ವಾರ ಮೂರು ಸಲ ಗಣಿತದ ಪೀರಿಯಡ್‌ನಲ್ಲಿ ಅವಳು ನಿದ್ದೆ ಹೋಗಿದ್ದಳು. ಮೂರನೇ ಸಲ ಹಣೆ ಡೆಸ್ಕಿಗೆ ಢಬ್ ಎಂದು ಬಡಿದಿತ್ತು. "ನಿಮ್ಮನೆಗೇ ಬರ್ತೀನಿ, ಇರು," ಎಂದಿದ್ದರು ಮಿಸ್.

"ಅವರೇನಾದ್ರೂ ಅಂದ್ರೆ ನಿನ್ನ ಊರಿಗೇ ಕಳಿಸ್ತೀನಿ, ದೊಡ್ಡಮ್ಮನ ಹತ್ರ," ಎಂದಿದ್ದ ಅಪ್ಪ.

ಊರಲ್ಲಿ ಮಲಗಲು ಬೇಕಾದಷ್ಟು ಜಾಗವಿತ್ತು. ಆದರೆ ಶಾಲೆ ನಡೆಯುತ್ತಿರಲಿಲ್ಲ. ಮಕ್ಕಳೆಲ್ಲ ಅಪ್ಪ ಅಮ್ಮನ ಜೊತೆ ಪೇಟೆ ಸೇರಿದ್ದರಿಂದ ಅದಕ್ಕೆ ಬೀಗ ಬಿದ್ದಿತ್ತು.

"ಗೋಡೆ ಮೇಲೆ ಇದೇನು?" ಒಳಗಿನಿಂದ ಮಿಸ್ ಕೇಳಿದರು.

"ಮಂಚದ ಟೈಮ್‌ಟೇಬಲ್, ಮಿಸ್," ಎಂದಳು ಚೋಟಿ. "ಮಂಚ ಒಂದು, ನಾವು ಆರು ಜನ. ನೆಲದಲ್ಲಿ ಅಪ್ಪ ಅಮ್ಮಂಗೆ ಮಾತ್ರ ಜಾಗ. ಬೆಳಗ್ಗೆ ಚಿಕ್ಕಪ್ಪ ಮಲಗ್ತಾರೆ, ಅವರು ನೈಟ್ ವಾಚ್‌ಮನ್. ಸಂಜೆ ಆರಕ್ಕೆ ಮಾವ. ಅವರು ರಾತ್ರಿ ಹನ್ನೆರಡಕ್ಕೆ ಬೇಕರಿಗೆ ಹೋದ್ಮೇಲೆ ನಾನು. ಮೂರಕ್ಕೆ ಅತ್ತೆ ಡ್ಯೂಟಿ ಮುಗಿಸಿ ಬಂದು ಎಬ್ಬಿಸ್ತಾರೆ."

"ಆಮೇಲೆ?"

"ಟ್ರಂಕಿಗೆ ಒರಗಿ ಕೂತಿರ್ತೀನಿ. ಮಾವ ಅತ್ತೆ ಎರಡೇ ದಿನಕ್ಕೆ ಅಂತ ಊರಿಂದ ಬಂದಿದ್ರು. ಎಂಟು ತಿಂಗಳಾಯ್ತು."

ಒಳಗಿನಿಂದ ಉತ್ತರವೇ ಬರಲಿಲ್ಲ.

"ಬೈಯೋಕೆ ಮಾತು ಹುಡುಕ್ತಿದ್ದಾರೆ," ಎಂದು ಅಪ್ಪ ಪಿಸುಗುಟ್ಟಿದ.

"ಗೊರ್ ರ್ ರ್..."

ಚೋಟಿ ಇಣುಕಿದಳು. ಮಿಸ್ ಬ್ಯಾಗನ್ನೇ ದಿಂಬು ಮಾಡಿಕೊಂಡು ಗಾಢ ನಿದ್ದೆಯಲ್ಲಿದ್ದರು.

"ಅಯ್ಯೋ, ಇದ್ಯಾವ ನ್ಯಾಯ!" ಎಂದ ಚಿಕ್ಕಪ್ಪ. "ನಿದ್ದೆ ಮಾಡ್ಬೇಡ ಅನ್ನೋಕೆ ಬಂದೋರಲ್ವಾ ಇವರು?"

ಅಷ್ಟರಲ್ಲಿ ಮಾವ ಆಕಳಿಸುತ್ತ ಬಂದ. "ಆರು ಗಂಟೆ ಆಯ್ತು. ನನ್ನ ಮಂಚದ ಮೇಲೆ ಯಾರು?"

ಚೋಟಿ ಬಾಗಿಲಿಗೆ ಅಡ್ಡ ನಿಂತಳು. "ಶ್! ಇವತ್ತು ನಿಮ್ಮ ಪೀರಿಯಡ್ ಮಿಸ್ ತಗೊಂಡಿದ್ದಾರೆ."

ಒಂದು ಗಂಟೆ ಕಳೆದ ಮೇಲೆ ಮಿಸ್ ಹೊರಗೆ ಬಂದರು. ಕೆನ್ನೆಯ ಮೇಲೆ ಬ್ಯಾಗಿನ ಗೆರೆಗಳಿದ್ದವು. ನಾಚಿಕೆಯಿಂದ ಮುಖ ಕೆಂಪಾಗಿತ್ತು.

"ನಮ್ಮನೇಲಿ ಹನ್ನೊಂದು ಜನ," ಎಂದರು ಮೆಲ್ಲಗೆ. "ಅಣ್ಣನ ಸಂಸಾರ ಊರಿಂದ ಬಂದಿದೆ. ಎರಡೇ ದಿನಕ್ಕೆ ಅಂತ."

ಮಾವ ಸುಮ್ಮನೆ ಆಕಾಶ ನೋಡಿದ.

"ಹಾಗಾದ್ರೆ ಇವಳನ್ನ ಊರಿಗೆ..." ಅಪ್ಪ ತಡವರಿಸಿದ.

"ಊರಿಗ್ಯಾಕೆ? ಸ್ಟಾಫ್ ರೂಮಲ್ಲಿ ಉದ್ದ ಬೆಂಚಿದೆ. ಊಟದ ಬಿಡುವಲ್ಲಿ ಮೊದಲ ಕಾಲು ಗಂಟೆ ನಾನು, ಆಮೇಲಿನ ಕಾಲು ಗಂಟೆ ಇವಳು. ಚೋಟಿ, ಚೆನ್ನಾಗಿ ಒಂದು ಟೈಮ್‌ಟೇಬಲ್ ಬರ್ಕೊಂಡು ಬಾ."

ಮರುದಿನ ಊಟದ ಬಿಡುವಿನಲ್ಲಿ ಕಾಲು ಗಂಟೆ ಕಳೆದ ಕೂಡಲೇ ಚೋಟಿ ಸ್ಟಾಫ್ ರೂಮಿಗೆ ಓಡಿದಳು. ಕಣ್ಣು ಎಳೆಯುತ್ತಿತ್ತು. ಮಿಸ್ ಇನ್ನೂ ಬೆಂಚಿನ ಮೇಲೆ ಮುದುಡಿ ಮಲಗಿದ್ದರು, ಬಾಯಿ ಚೂರು ತೆರೆದಿತ್ತು.

ಎಬ್ಬಿಸಲು ಚಾಚಿದ ಕೈಯನ್ನು ಚೋಟಿ ಹಿಂದಕ್ಕೆ ತೆಗೆದುಕೊಂಡಳು. ಬಾಗಿಲನ್ನು ಸದ್ದಾಗದಂತೆ ಮುಚ್ಚಿ, ಅದಕ್ಕೆ ಒರಗಿ ಹೊರಗೆ ಕೂತಳು. ಕಿರುಚುತ್ತ ಓಡಿಬಂದ ಹುಡುಗರಿಗೆ ತುಟಿಯ ಮೇಲೆ ಬೆರಳಿಟ್ಟು "ಶ್!" ಎಂದಳು.